ಬಂಕ್ ಬೆಡ್: ಫ್ಯಾನ್ ನೋಡಿ, ಕಂಬಿ ಅಳೀರಿ

ಮಕ್ಕಳಿಗೆ ಬಂಕ್ ಬೆಡ್ ಕೊಳ್ಳೋಕೆ ಹೊರಟಿದ್ದೀರಾ? ಮೊದಲು ತಲೆ ಎತ್ತಿ ಕೋಣೆಯ ಫ್ಯಾನ್ ನೋಡಿ. ಮೇಲಿನ ಮಂಚದಲ್ಲಿ ಮಗು ನಿಂತು ಕೈ ಚಾಚಿದರೂ ರೆಕ್ಕೆ ಎಟುಕಬಾರದು. ಎಟುಕುತ್ತೆ ಅಂದ್ರೆ ಆ ಜಾಗಕ್ಕೆ ಬಂಕ್ ಬೆಡ್ ಬೇಡವೇ ಬೇಡ.

ಇನ್ನು ಹಾಸಿಗೆ. ಮೆತ್ತಗಿರಲಿ ಅಂತ ಎಂಟಿಂಚಿನದು ತಂದು ಹಾಕಿದರೆ ತಡೆಕಂಬಿ ಅದರಲ್ಲೇ ಮುಳುಗಿಹೋಗುತ್ತೆ. ನಿದ್ದೆಯಲ್ಲಿ ಹೊರಳಿದ ಮಗು ನೇರ ಕೆಳಗೆ. ಅಮೆರಿಕದ ನಿಯಮದಲ್ಲಿ ಹಾಸಿಗೆ ಹಾಕಿದ ಮೇಲೂ ಕಂಬಿ ಕನಿಷ್ಠ 5 ಇಂಚು ಎದ್ದಿರಬೇಕು, ಸಂದು 3.5 ಇಂಚಿಗಿಂತ ಕಡಿಮೆ ಇರಬೇಕು. ಅಂಗಡಿಯವರು ಏನೇ ಹೇಳಲಿ, ಟೇಪ್ ಹಿಡಿದು ನೀವೇ ಅಳೀರಿ. ಗೋಡೆ ಕಡೆಗೂ ಕಂಬಿ ಬೇಕು. ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲೂ ಮಗು ಸಿಕ್ಕಿಕೊಳ್ಳಬಹುದು.

6 ವರ್ಷ ತುಂಬದವರಿಗೆ ಕೆಳಗಿನ ಮಂಚವೇ, ಎಷ್ಟೇ ಹಟ ಮಾಡಲಿ. ಏಣಿಗೆ ದುಂಡು ಕಂಬಿಗಿಂತ ಅಗಲ ಮೆಟ್ಟಿಲು ಬರಿಗಾಲಿಗೆ ಹಿತ.