ಹಿಂದಿನ ಚಕ್ರ ಮೊದಲು ಹಿಡಿದುಕೊಂಡರೆ...

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಮನೆಯ ಮುಂದೆ ಹೊದಿಕೆ ಹಾಕಿ ನಿಲ್ಲಿಸಿದ ಹಳೆಯ ಕಾಂಟೆಸಾ ಕಾರನ್ನು ನೀವು ನೋಡಿರಬಹುದು. ಬ್ರಿಟನ್ನಿನ ವಾಕ್ಸ್‌ಹಾಲ್ ವಿನ್ಯಾಸವನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾರು ಇದು. ಉದ್ದನೆಯ ಬಾನೆಟ್ ಕಂಡು ಅಭಿಮಾನಿಗಳು ಇದನ್ನು 'ಭಾರತದ ಮಸಲ್ ಕಾರ್' ಎನ್ನುತ್ತಾರೆ. ಹೋಲಿಕೆ ಮೈಕಟ್ಟಿನದು ಮಾತ್ರ. ಆರಂಭದ ಕಾಂಟೆಸಾಗಳಲ್ಲಿ ಇದ್ದದ್ದು ಅಂಬಾಸಡರ್‌ನ 1489 ಸಿಸಿ ಎಂಜಿನ್ನೇ! ಆದರೆ ಅಮೆರಿಕದ ಹಳೆಯ ಮಸಲ್ ಕಾರುಗಳಿಗೂ ಇದಕ್ಕೂ ಒಂದು ತೊಂದರೆ ಸಮಾನ. ಚಕ್ರ ಹಿಡಿದುಕೊಳ್ಳದಂತೆ ತಡೆಯುವ ಎಬಿಎಸ್ ಎರಡರಲ್ಲೂ ಇಲ್ಲ.

ನಾಯಂಡಹಳ್ಳಿಯಿಂದ ಕೆಂಗೇರಿಗೆ ಹೋಗುವಾಗ ಮುಂದಿನ ಬಸ್ಸು ಥಟ್ಟನೆ ನಿಂತಿತೆನ್ನಿ. ನೀವು ಬ್ರೇಕ್ ತುಳಿಯುತ್ತೀರಿ. ಮುಂದಿನ ಚಕ್ರಗಳು ಹಿಡಿದುಕೊಂಡರೆ ಸ್ಟೀರಿಂಗ್ ಕೆಲಸ ಮಾಡದು. ಆದರೂ ಕಾರು ಹೆಚ್ಚುಕಡಿಮೆ ನೇರವಾಗಿಯೇ ಜಾರುತ್ತದೆ. ಹಿಂದಿನ ಚಕ್ರಗಳು ಹಿಡಿದುಕೊಂಡರೆ ಅಪಾಯ ಇನ್ನೂ ಹೆಚ್ಚು. ಉರುಳುವುದನ್ನು ಬಿಟ್ಟು ಜಾರತೊಡಗಿದ ಟೈರು ಪಕ್ಕಕ್ಕೆ ಸರಿಯದಂತೆ ತಡೆಯುವ ಹಿಡಿತವನ್ನು ಕಳೆದುಕೊಳ್ಳುತ್ತದೆ. ಮುಂದಿನ ಟೈರುಗಳಿಗೆ ಹಿಡಿತ ಇದೆ, ಜಡತ್ವ ಕಾರಿನ ರಾಶಿಯನ್ನು ಮುಂದಕ್ಕೆ ತಳ್ಳುತ್ತಿದೆ. ಹಿಂಭಾಗ ಪಕ್ಕಕ್ಕೆ ಬೀಸಿ, ಕಾರು ತಿರುಗಿ ಎದುರು ಸಾಲಿಗೆ ನುಗ್ಗಬಹುದು.

ಇದು ಹಿಂದಿನ ಚಕ್ರಕ್ಕೇ ಏಕೆ ಬೇಗ ಆಗುತ್ತದೆ? ಒಂದು ಲೆಕ್ಕ ಹಾಕೋಣ. ಕಾರಿನ ತೂಕ 1200 ಕಿಲೋಗ್ರಾಂ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2.7 ಮೀಟರ್, ಗುರುತ್ವ ಕೇಂದ್ರದ ಎತ್ತರ 0.55 ಮೀಟರ್ ಎಂದುಕೊಳ್ಳಿ. ನಿಂತಾಗ ಮುಂದಿನ ಅಚ್ಚಿನ ಮೇಲೆ 660, ಹಿಂದಿನದರ ಮೇಲೆ 540 ಕಿಲೋಗ್ರಾಂ ಭಾರ ಇರಲಿ. ಗುರುತ್ವ ವೇಗೋತ್ಕರ್ಷದ 0.6ರಷ್ಟು ಜೋರಾಗಿ ಬ್ರೇಕ್ ಹಾಕಿದರೆ ಮುಂದಕ್ಕೆ ವರ್ಗವಾಗುವ ಭಾರ 1200 × 0.6 × 0.55 ÷ 2.7, ಅಂದರೆ ಸುಮಾರು 147 ಕಿಲೋಗ್ರಾಂ. ಹಿಂದೆ ಉಳಿಯುವುದು 393 ಮಾತ್ರ. ಭಾರ ಕಡಿಮೆಯಾದಷ್ಟೂ ಘರ್ಷಣೆ ಕಡಿಮೆ. ಆದ್ದರಿಂದಲೇ ಹಿಂದಿನ ಬ್ರೇಕನ್ನು ಮುಂದಿನದಕ್ಕಿಂತ ದುರ್ಬಲವಾಗಿ ವಿನ್ಯಾಸ ಮಾಡುತ್ತಾರೆ. ಕೆಲವು ಕಾರುಗಳಲ್ಲಿ ಹಿಂದಕ್ಕೆ ಹೋಗುವ ದ್ರವದ ಒತ್ತಡವನ್ನು ತಗ್ಗಿಸಲು ಪ್ರಪೋರ್ಷನಿಂಗ್ ವಾಲ್ವ್ ಕೂಡ ಇರುತ್ತದೆ.

ಈ ಲೆಕ್ಕವೇ ದೋಷ ಹುಡುಕಲು ದಾರಿ ತೋರುತ್ತದೆ. ಪೆಡಲನ್ನು ಜೋರಾಗಿ ತುಳಿದಾಗ ಮಾತ್ರ ಎರಡೂ ಹಿಂದಿನ ಚಕ್ರಗಳು ಹಿಡಿದುಕೊಂಡರೆ ಹಿಂದಿನ ಡ್ರಮ್ಮನ್ನು ಬಿಚ್ಚಲು ಅವಸರ ಬೇಡ. ಮೊದಲು ಮುಂಭಾಗ ನೋಡಿ. ಮುಂದಿನ ಪಿಸ್ಟನ್ ತುಕ್ಕು ಹಿಡಿದು ಅಂಟಿದ್ದರೆ, ಪ್ಯಾಡ್ ಸವೆದು ಹೊಳಪೇರಿದ್ದರೆ, ಮುಂದಿನ ಕೊಳವೆಯಲ್ಲಿ ಗಾಳಿ ಸೇರಿದ್ದರೆ ಮುಂದಿನ ಬ್ರೇಕ್ ಪೂರ್ತಿ ಕೆಲಸ ಮಾಡುವುದಿಲ್ಲ. ಕಾರು ನಿಲ್ಲುತ್ತಿಲ್ಲವೆಂದು ನೀವು ಇನ್ನಷ್ಟು ತುಳಿಯುತ್ತೀರಿ, ಆ ಹೆಚ್ಚುವರಿ ಒತ್ತಡ ಹಿಂದಿನ ಚಕ್ರಗಳನ್ನು ಹಿಡಿಸುತ್ತದೆ. ತಪ್ಪು ಮುಂದಿನದು, ಅಪವಾದ ಹಿಂದಿನದಕ್ಕೆ! ಮುಂಭಾಗ ಸರಿಯಿದ್ದರೆ ವಾಲ್ವ್, ಸವೆದ ಹಿಂದಿನ ಟೈರುಗಳತ್ತ ಗಮನ ಕೊಡಿ.

ಪೆಡಲನ್ನು ಮೆಲ್ಲಗೆ ಮುಟ್ಟಿದರೂ ಚಕ್ರ ಹಿಡಿದರೆ ದೋಷ ಡ್ರಮ್ಮಿನೊಳಗೇ ಇದೆ. ರಸ್ತೆಯ ಮೇಲೆ ಒಂದೇ ಕಪ್ಪು ಗೆರೆ ಬಿದ್ದಿದ್ದರೆ ಆ ಬದಿಯ ಡ್ರಮ್ಮನ್ನು ಬಿಚ್ಚಿ. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ಘರ್ಷಣೆ ಸ್ವಲ್ಪ ಏರಿದರೂ ಬ್ರೇಕ್ ಬಲ ಬಹಳ ಏರುತ್ತದೆ. ವೀಲ್ ಸಿಲಿಂಡರಿನಿಂದ ಜಿನುಗಿದ ದ್ರವ ಅಥವಾ ಆ್ಯಕ್ಸಲ್ ಸೀಲ್ ದಾಟಿ ಬಂದ ಗೇರ್ ಆಯಿಲ್ ಲೈನಿಂಗಿಗೆ ತಗುಲಿದರೆ ಬ್ರೇಕ್ ಜಾರಬಹುದು, ತದ್ವಿರುದ್ಧವಾಗಿ ಕಚ್ಚಿಕೊಳ್ಳಲೂಬಹುದು. ಎಣ್ಣೆ ಹೀರಿದ ಲೈನಿಂಗನ್ನು ತೊಳೆದು ಹಾಕುವ ಪದ್ಧತಿ ಸರಿಯಲ್ಲ. ಸೋರಿಕೆ ನಿಲ್ಲಿಸಿ, ಎರಡೂ ಬದಿಯ ಲೈನಿಂಗ್ ಬದಲಿಸಬೇಕು. ಮಳೆಗಾಲದಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಮೊದಲ ಎರಡು ಮೂರು ಸಲ ಮಾತ್ರ ಹಾಗೆ ಕಚ್ಚಿದರೆ ಗಾಬರಿ ಬೇಡ, ಅದು ಡ್ರಮ್ಮಿನ ಮೇಲಿನ ತೆಳು ತುಕ್ಕು.

ಪೆಡಲ್ ಬಿಟ್ಟ ಮೇಲೂ ಚಕ್ರ ಬಿಡದಿದ್ದರೆ? ಮುಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಇಳಿಸಿ. ನಂತರ ಬ್ಲೀಡ್ ಸ್ಕ್ರೂವನ್ನು ತುಸು ಸಡಿಲಿಸಿ. ದ್ರವ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ. ಒಳಗೆ ಊದಿಕೊಂಡ ರಬ್ಬರ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರಿನ ಮುಚ್ಚಿದ ರಂಧ್ರ ಅದಕ್ಕೆ ಕಾರಣವಿರಬಹುದು. ಆಗಲೂ ಬಿಡದಿದ್ದರೆ ಹ್ಯಾಂಡ್‌ಬ್ರೇಕಿನ ಕೇಬಲ್, ಸ್ಪ್ರಿಂಗ್, ಅತಿಯಾಗಿ ಬಿಗಿಸಿದ ಶೂಗಳನ್ನು ನೋಡಬೇಕು. ಸ್ಕ್ರೂ ತೆರೆದ ಮೇಲೆ ಗಾಳಿ ತೆಗೆಯುವುದನ್ನು ಮರೆಯಬೇಡಿ. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಊದಲೇಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ.