‘ಪ್ರಯೋಗಾಲಯ’ ಎಂಬ ಒಂದು ಪದ: ರೇಗನ್ ಮತ್ತು ಶೀತಲ ಸಮರದ ಕೊನೆ

ಶೀತಲ ಸಮರವನ್ನು ಕೊನೆಗಾಣಿಸಿದವರು ಯಾರು ಎಂದು ಕೇಳಿದರೆ ನಿಮ್ಮಲ್ಲಿ ಕೆಲವರು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಎನ್ನುವಿರಿ, ಕೆಲವರು ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೆವ್ ಎನ್ನುವಿರಿ. ಉತ್ತರ ಬರೆಯುವ ಮುನ್ನ ಒಂದು ಚಿಕ್ಕ ಲೆಕ್ಕ ಮಾಡೋಣ.

ಖಂಡಾಂತರ ಕ್ಷಿಪಣಿಯೊಂದು ಅಮೆರಿಕದಿಂದ ಹೊರಟು ರಷ್ಯ ಸೇರಲು ಸುಮಾರು 30 ನಿಮಿಷ ಬೇಕು. ಪಶ್ಚಿಮ ಜರ್ಮನಿಯಿಂದ ಹಾರುವ ಮಧ್ಯಮ ವ್ಯಾಪ್ತಿಯ ಪರ್ಶಿಂಗ್-2 ಕ್ಷಿಪಣಿಗೆ ಸುಮಾರು 10 ನಿಮಿಷ ಸಾಕು. ಅಷ್ಟರಲ್ಲಿ ಎಚ್ಚರಿಕೆ ನಿಜವೋ ಸುಳ್ಳೋ ತಿಳಿಯಬೇಕು, ಪ್ರತಿದಾಳಿಯ ನಿರ್ಧಾರವೂ ಆಗಬೇಕು. ಸುಳ್ಳು ಎಚ್ಚರಿಕೆ ಬರುವುದುಂಟೆ? ಉಂಟು. 1983ರ ಸೆಪ್ಟೆಂಬರ್ 26ರಂದು ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳೆಂದು ತಿಳಿಯಿತು. ಇದು ತಪ್ಪು ಸಂಕೇತವೆಂದು ಕರ್ತವ್ಯದಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆತ್ರೋವ್ ನಿರ್ಣಯಿಸಿದ್ದರಿಂದ ಅನಾಹುತ ತಪ್ಪಿತು.

ಅದೇ ವರ್ಷದ ಮಾರ್ಚ್‌ನಲ್ಲಿ ರೇಗನ್ ಸೋವಿಯತ್ ಒಕ್ಕೂಟವನ್ನು ‘ದುಷ್ಟ ಸಾಮ್ರಾಜ್ಯ’ ಎಂದು ಕರೆದಿದ್ದರು. ಎರಡು ವಾರಗಳ ಬಳಿಕ, ಬರುವ ಕ್ಷಿಪಣಿಗಳನ್ನು ತಡೆದು ನಾಶಪಡಿಸುವ ರಕ್ಷಣಾ ವ್ಯವಸ್ಥೆಯ ಯೋಜನೆಯನ್ನು ದೂರದರ್ಶನ ಭಾಷಣದಲ್ಲಿ ಪ್ರಕಟಿಸಿದರು. ಪತ್ರಿಕೆಗಳು ಅದಕ್ಕೆ ‘ತಾರಾ ಸಮರ’ ಎಂದು ಹೆಸರಿಟ್ಟವು. (ಚಲನಚಿತ್ರ ನಟರಾಗಿದ್ದ ರೇಗನ್ ಅವರಿಗೆ ಕ್ಯಾಮೆರಾದ ಮುಂದೆ ಹೇಗೆ ಮಾತನಾಡಬೇಕೆಂದು ಯಾರೂ ಕಲಿಸಬೇಕಾಗಿರಲಿಲ್ಲ, ನಮ್ಮ ವೃತ್ತಿಯವರು ಇದನ್ನು ಬೇಗ ಗುರುತಿಸುತ್ತೇವೆ.) ಆದರೆ ನವೆಂಬರ್‌ನಲ್ಲಿ ಅವರು ದಿನಚರಿಯಲ್ಲಿ ಬರೆದುಕೊಂಡದ್ದು ಬೇರೆ ಧಾಟಿಯದು: ಸೋವಿಯತ್ ನಾಯಕರು ನಿಜವಾಗಿಯೂ ದಾಳಿಗೆ ಹೆದರಿದ್ದಾರೆ, ಅಂಥ ಉದ್ದೇಶ ನಮಗಿಲ್ಲವೆಂದು ಅವರಿಗೆ ತಿಳಿಸಬೇಕು. ನನ್ನ ದೃಷ್ಟಿಯಲ್ಲಿ ತಿರುವು ಇಲ್ಲಿದೆ.

ಮಾತುಕತೆಗೆ ಸಿದ್ಧರಾದ ಗೋರ್ಬಚೆವ್ 1985ರಲ್ಲಿ ಅಧಿಕಾರಕ್ಕೆ ಬಂದರು. ಅಣುಯುದ್ಧದಲ್ಲಿ ಗೆಲುವಿಲ್ಲ, ಅದನ್ನು ಎಂದೂ ಹೂಡಬಾರದು ಎಂದು ಆ ವರ್ಷ ಜಿನೀವಾದಲ್ಲಿ ಇಬ್ಬರೂ ಒಪ್ಪಿದರು. 1986ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ ಎರಡು ದಿನ ಕುಳಿತು, ಎಲ್ಲ ಅಣ್ವಸ್ತ್ರಗಳನ್ನೂ ತೊಡೆದುಹಾಕುವ ಮಾತಿನವರೆಗೆ ಬಂದರು. ಎಡವಿದ್ದು ಒಂದು ಪದದ ಮೇಲೆ: ‘ಪ್ರಯೋಗಾಲಯ’. ತಾರಾ ಸಮರದ ಪ್ರಯೋಗಗಳು ಹತ್ತು ವರ್ಷ ಪ್ರಯೋಗಾಲಯದೊಳಗೇ ಇರಲಿ ಎಂದರು ಗೋರ್ಬಚೆವ್, ರೇಗನ್ ಒಪ್ಪಲಿಲ್ಲ. ಇನ್ನೂ ಸಿದ್ಧವೇ ಆಗದ ಒಂದು ತಂತ್ರಜ್ಞಾನಕ್ಕಾಗಿ ಇಷ್ಟು ದೊಡ್ಡ ಅವಕಾಶ ಕೈತಪ್ಪಿತು! ವಿಜ್ಞಾನ ಓದುವ ನೀವು ಇದನ್ನು ಮರೆಯಬೇಡಿ.

ಮುಂದಿನ ಫೆಬ್ರವರಿಯಲ್ಲಿ ಗಂಟು ಬಿಡಿಸಿದವರು ಗೋರ್ಬಚೆವ್. ತಾರಾ ಸಮರದ ವಿಷಯವನ್ನು ಬದಿಗಿಟ್ಟು, ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಬಗ್ಗೆಯೇ ಪ್ರತ್ಯೇಕ ಒಪ್ಪಂದಕ್ಕೆ ಸಮ್ಮತಿಸಿದರು. 1987ರ ಡಿಸೆಂಬರ್ 8ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ನೆಲದಿಂದ ಹಾರಿಸುವ, 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ ಎಲ್ಲ ಕ್ಷಿಪಣಿಗಳೂ ಹೋಗಬೇಕು. 1991ರ ಹೊತ್ತಿಗೆ ನಾಶವಾದವು 2,692. ಸೋವಿಯತ್ತಿನವು 1,846, ಅಮೆರಿಕದವು 846.

‘ನಂಬು, ಆದರೆ ಪರೀಕ್ಷಿಸು’ ಎಂಬ ರಷ್ಯನ್ ಗಾದೆಯನ್ನು ರೇಗನ್ ಪದೇ ಪದೇ ಹೇಳುತ್ತಿದ್ದರು. ಅದು ಬರಿಯ ಮಾತಾಗಲಿಲ್ಲ. ನಿಷೇಧಿತ ಎಸ್‌ಎಸ್-20 ಮತ್ತು ನಿಷೇಧವಿಲ್ಲದ ಎಸ್‌ಎಸ್-25 ಕ್ಷಿಪಣಿಗಳ ಮೊದಲ ಹಂತಗಳು ಹೊರನೋಟಕ್ಕೆ ಒಂದೇ ರೀತಿ. ಆದ್ದರಿಂದ ಸೋವಿಯತ್ ನಗರ ವೋತ್ಕಿನ್ಸ್ಕ್‌ನ ಕಾರ್ಖಾನೆಯ ಬಾಗಿಲಲ್ಲಿ ಅಮೆರಿಕದ ತನಿಖೆಗಾರರು ಬೀಡುಬಿಟ್ಟು, ಒಳಗಿರುವುದು ಯಾವುದೆಂದು ನೋಡಲು ಎಕ್ಸ್-ರೇ ಯಂತ್ರವನ್ನೇ ನಿಲ್ಲಿಸಿದರು. ಅಮೆರಿಕದ ಯೂಟಾ ರಾಜ್ಯದ ಕಾರ್ಖಾನೆಯೊಂದರ ಬಾಗಿಲಲ್ಲಿ ಸೋವಿಯತ್ ತನಿಖೆಗಾರರಿದ್ದರು.

ಹಾಗಾದರೆ ಗೆದ್ದವರು ರೇಗನ್ನರೇ? 1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿದ್ದಾಗ ಅವರು ಅಧಿಕಾರದಲ್ಲಿರಲಿಲ್ಲ. ಪೂರ್ವ ಯೂರೋಪಿಗೆ ಸೇನೆ ಕಳಿಸದಿರುವ ನಿರ್ಧಾರ ಗೋರ್ಬಚೆವ್ ಅವರದು. ಬೀದಿಗಿಳಿದವರು ಅಲ್ಲಿಯ ಜನ. ರೇಗನ್ ಅವರ ಪಾಲು ಬೇರೆ ಬಗೆಯದು. 1988ರಲ್ಲಿ ಮಾಸ್ಕೋದಲ್ಲಿ, ‘ದುಷ್ಟ ಸಾಮ್ರಾಜ್ಯ’ ಎಂದು ಈಗಲೂ ಭಾವಿಸುತ್ತೀರಾ ಎಂದು ಕೇಳಿದಾಗ, ಅದು ಬೇರೆ ಕಾಲದ ಮಾತು ಎಂದರು. ಅವರ ಪಕ್ಷದಲ್ಲೇ ಹಲವರಿಗೆ ಇದು ಹಿಡಿಸಲಿಲ್ಲ.

ಆ ಒಪ್ಪಂದ ಈಗ ಇಲ್ಲ. ರಷ್ಯ ಅದನ್ನು ಮುರಿದಿದೆ ಎಂದು ಆರೋಪಿಸಿ ಅಮೆರಿಕ 2019ರ ಆಗಸ್ಟ್ 2ರಂದು ಹೊರಬಂದಿತು. ರಷ್ಯ ಆರೋಪವನ್ನು ನಿರಾಕರಿಸಿತು. ವೋತ್ಕಿನ್ಸ್ಕ್‌ನಲ್ಲಿ ಕ್ಷಿಪಣಿಗಳು ತಯಾರಾಗುತ್ತಲೇ ಇವೆ, ಬಾಗಿಲಲ್ಲಿ ತನಿಖೆಗಾರರಿಲ್ಲ.