ತೋಟದ ನೆನಪು ತಲೆಯಿಂದ ಹೊರಗೆ: ಒಂದು ವರ್ಷದ ಕಲಿಕೆ

ಹೂತಿಟ್ಟ ಪೈಪು ಎಲ್ಲಿ ತಿರುಗಿದೆ, ಯಾವ ಗೇಟ್ ವಾಲ್ವ್ ತೆರೆದರೆ ಯಾವ ತುಂಡಿಗೆ ನೀರು, ಯಾವ ಬಳ್ಳಿ ಪಣಿಯೂರು, ಯಾವುದು ಊರ ಮೆಣಸು - ಇದೆಲ್ಲ ನಮ್ಮ ಹೆಚ್ಚಿನ ತೋಟಗಳಲ್ಲಿ ಬರೆದಿಟ್ಟಿರುವುದಿಲ್ಲ. ಯಜಮಾನನ ತಲೆಯಲ್ಲಿರ್ತದೆ. ಆ ತಲೆ ಊರಲ್ಲಿಲ್ಲದ ದಿನ ತೋಟಕ್ಕೆ ಕಣ್ಣಿಲ್ಲ. ನಮ್ಮ ನೆರೆಯ ತೋಟವೊಂದರಲ್ಲಿ ಹಿರಿಯರು ತೀರಿಕೊಂಡ ಬೇಸಿಗೆಯಲ್ಲೇ ಮುಖ್ಯ ಪೈಪು ಒಡೆಯಿತು. ಜೋಡಣೆ ಹುಡುಕಲು ನಾಲ್ಕು ಜನ ಮೂರು ದಿನ ಅಗೆದರು. ಮಗ ಬುದ್ಧಿವಂತನೇ. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ನನಗೀಗ 61. ಎರಡೂವರೆ ಎಕ್ರೆ ಅಡಿಕೆ, ನಡುವೆ ಮೆಣಸು, ಬಾಳೆ. ಮಗಳು ಬೆಂಗಳೂರಲ್ಲಿ. ಕಳೆದೊಂದು ವರ್ಷದಿಂದ ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ಹೊಸ ವಿದ್ಯೆ ಕಲಿತೆ. ನಕ್ಷೆ ಬರೆಯುವುದು, ಕೆಲಸಕ್ಕೆ ಬರುವಂತೆ ಫೋಟೋ ತೆಗೆಯುವುದು, ಬಾಯಲ್ಲಿ ಹೇಳಿ ಫೋನಿನಲ್ಲಿ ಬರೆಸುವುದು, ಲೆಕ್ಕದ ಹಾಳೆ, ಲೇಬಲ್ ವಿನ್ಯಾಸ. ಕ್ಲಾಸಿಗೆ ಹೋಗಿಲ್ಲ. ರಜೆಗೆ ಬಂದ ಮಗಳು ಮತ್ತು ಪಕ್ಕದ ಮನೆಯ ಪಿಯುಸಿ ಹುಡುಗ - ಇವರೇ ಗುರುಗಳು. ಇದರಲ್ಲಿ ತೋಟಕ್ಕೆ ಯಾವುದು ದಕ್ಕಿತು, ಯಾವುದು ದಕ್ಕಲಿಲ್ಲ ಎಂಬುದನ್ನಷ್ಟೆ ಹೇಳ್ತೇನೆ.

ಮೊದಲು ಪೆನ್ಸಿಲ್, ಆಮೇಲೆ ಫೋನ್

ಗೂಗಲ್ ಅರ್ತ್‌ನಲ್ಲಿ ನಮ್ಮ ಜಾಗ ಕಾಣ್ತದೆ. ಉದ್ದಗಲ, ವಿಸ್ತೀರ್ಣ ಅಳೆಯುವ ಅನುಕೂಲವೂ ಇದೆ. ಆದರೆ ಮೇಲಿಂದ ನೋಡಿದರೆ ಅಡಿಕೆ ತೋಟ ಬರೇ ಹಸಿರು ಚಾಪೆ. ಮನೆ, ಬಾವಿ, ರಸ್ತೆ, ಗಡಿ ಮಾತ್ರ ಸ್ಪಷ್ಟ. ನಾನು ಅಷ್ಟನ್ನು ಅದರಿಂದ ತೆಗೆದುಕೊಂಡು ಉಳಿದದ್ದನ್ನು ಗ್ರಾಫ್ ಹಾಳೆಯಲ್ಲಿ ಕೈಯಲ್ಲೇ ಬಿಡಿಸಿದೆ. 1 ಸೆಂಟಿಮೀಟರಿಗೆ 5 ಮೀಟರ್ ಲೆಕ್ಕ.

ವಾಲ್ವ್‌ಗಳ ಜಾಗ ಗುರುತಿಸಲು ಫೋನಿನ ಜಿಪಿಎಸ್ ಸಾಲದು. ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ತೋರಿಸ್ತದೆ, ಮರದಡಿಯಲ್ಲಿ ಇನ್ನೂ ಹೆಚ್ಚು. ಅಡಿಕೆ ಮರದಿಂದ ಮರಕ್ಕೆ ಇರುವುದೇ ಒಂಬತ್ತು ಅಡಿ. ಅಷ್ಟು ವ್ಯತ್ಯಾಸವಾದರೆ ಹಾರೆ ಬೇರೆ ಸಾಲಿನಲ್ಲಿ ಬೀಳ್ತದೆ. ಆದ್ದರಿಂದ ಟೇಪ್ ಹಿಡಿಯಬೇಕು. ಉಪಾಯ ಸುಲಭ. ಕದಲದ ಎರಡು ಗುರುತು ಆರಿಸಿಕೊಳ್ಳಿ. ನಮ್ಮಲ್ಲಿ ಬಾವಿಕಟ್ಟೆ ಒಂದು, ಪಂಪ್ ಶೆಡ್ಡಿನ ಮೂಲೆ ಇನ್ನೊಂದು. ಪ್ರತಿ ವಾಲ್ವ್, ಪ್ರತಿ ತಿರುವು ಈ ಎರಡರಿಂದಲೂ ಎಷ್ಟು ದೂರ ಎಂದು ಬರೆಯಿರಿ. ಒಂದೇ ಗುರುತಿನಿಂದ ಅಳೆದರೆ ದೂರ ಸಿಕ್ಕೀತು, ದಿಕ್ಕು ಸಿಗದು. ಎರಡಿದ್ದರೆ ನಾಳೆ ಯಾರೇ ಆದರೂ ಎರಡು ಹಗ್ಗ ಎಳೆದು ಸೇರಿಸಿದಲ್ಲಿ ಅಗೆದರೆ ಸಾಕು. ಹಗ್ಗಗಳು ಗುರುತಿನ ಆಚೆ ಬದಿ, ಈಚೆ ಬದಿ ಎರಡು ಕಡೆ ಸೇರಲು ಸಾಧ್ಯ. ಹಾಗಾಗಿ ಯಾವ ಬದಿ ಎಂದೂ ಬರೆದಿಡಿ.

ನಕ್ಷೆಯ ಫೋಟೋ ತೆಗೆದು ಮನೆಯ ಎಲ್ಲರ ಫೋನಿಗೂ ಕಳುಹಿಸಿದ್ದೇನೆ. ವಾಲ್ವ್‌ಗಳಿಗೆ ನಂಬರ್ ಬರೆದ ತಗಡು ಕಟ್ಟಿದ್ದೇನೆ. ಕಳೆದ ಮಾರ್ಚ್‌ನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ನಾನು ಮಂಗಳೂರಿನಲ್ಲಿದ್ದ ಐದು ದಿನ ಮಗಳೇ ನೀರು ಬಿಟ್ಟಳು. ಒಂದು ಸಲವೂ ಫೋನ್ ಮಾಡಿ ಕೇಳಲಿಲ್ಲ. ವರ್ಷದ ಕಲಿಕೆಯಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದು.

ರೋಗದ ಫೋಟೋ ತೆಗೆಯುವ ಕ್ರಮ

ಅಡಿಕೆ ಸೋಗೆ ಹಳದಿಯಾದರೆ ಎಲ್ಲವೂ ಹಳದಿ ರೋಗ ಅಲ್ಲ. 2022ರ ನಂತರ ಎಲೆಚುಕ್ಕಿ ರೋಗವೂ ನಮ್ಮ ಕಡೆ ತಲೆನೋವಾಗಿದೆ. ಎಲೆಚುಕ್ಕಿ ಶಿಲೀಂಧ್ರದಿಂದ ಬರುವಂಥದ್ದು. ಅದಕ್ಕೆ ಸಿಂಪಡಣೆ ಉಂಟು. ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ. ಅದನ್ನು ಗುಣಪಡಿಸುವ ಮದ್ದು ಈವರೆಗೆ ಇಲ್ಲ. ಒಂದನ್ನು ಇನ್ನೊಂದು ಅಂದುಕೊಂಡರೆ ಮದ್ದಿನ ಹಣವೂ ಹೋಯಿತು, ಮರವೂ ಹೋಯಿತು. ತಜ್ಞರಿಗೆ ಕಳುಹಿಸುವ ಫೋಟೋ ಸರಿ ಇರಬೇಕಾದ್ದು ಇದಕ್ಕೇ. ನಾನು ರೂಢಿಸಿಕೊಂಡ ಕ್ರಮ ಹೀಗೆ:

- ಬೆಳಗ್ಗೆ ಎಂಟರಿಂದ ಹತ್ತರ ಒಳಗೆ ತೆಗೆಯುವುದು. ನಡುಮಧ್ಯಾಹ್ನದ ಬಿಸಿಲಿಗೆ ಹಳದಿ ಬಣ್ಣವೇ ಬಿಳಿಚಿಕೊಳ್ತದೆ.
- ಒಂದು ರೋಗಕ್ಕೆ ನಾಲ್ಕು ಚಿತ್ರ. ಇಡೀ ಮರ, ಇಡೀ ಸೋಗೆ, ಎಲೆಯ ಮೇಲ್ಭಾಗ, ಎಲೆಯ ಅಡಿ.
- ಎಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಡುವುದು. ಚುಕ್ಕಿಯ ಗಾತ್ರ ತಿಳೀತದೆ.
- ಹತ್ತಿರದ ಚಿತ್ರಕ್ಕೆ ಪರದೆಯಲ್ಲಿ ಎಲೆಯ ಮೇಲೆ ಬೆರಳೊತ್ತಿ, ಸ್ಪಷ್ಟವಾದ ಮೇಲೆ ಕ್ಲಿಕ್ ಮಾಡುವುದು.
- ಹಳದಿ ರೋಗದ ಸಂಶಯ ಇದ್ದರೆ ಅಡಿಕೆಯೊಂದನ್ನು ಸೀಳಿ ಒಳಗಿನ ಚಿತ್ರವನ್ನೂ ಸೇರಿಸುವುದು. ಆ ರೋಗದಲ್ಲಿ ತಿರುಳಿನ ಬಣ್ಣ ಕೆಡ್ತದೆ.

ಜೊತೆಗೆ ಎರಡು ಸಾಲು ವಿವರ: ಮರದ ವಯಸ್ಸು, ಎಷ್ಟು ಮರಕ್ಕೆ ಬಂದಿದೆ, ಎಂದಿನಿಂದ, ಏನು ಸಿಂಪಡಿಸಿದ್ದೀರಿ. ಇಷ್ಟಿದ್ದರೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದವರಾಗಲಿ ತೋಟಗಾರಿಕೆ ಇಲಾಖೆಯವರಾಗಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಬೇಕಾಗಿಲ್ಲ. ಫೋಟೋದಿಂದಲೇ ಎಲ್ಲ ನಿರ್ಧಾರ ಆಗ್ತದೆ ಅಂತಲ್ಲ. ಆದರೆ ಮುಂದಿನ ಹೆಜ್ಜೆ ಏನು ಎಂಬುದು ಬೇಗ ಗೊತ್ತಾಗ್ತದೆ.

ಇನ್ನೊಂದು ಲಾಭ ಬೆಳೆ ಸಮೀಕ್ಷೆಯಲ್ಲಿ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆ ದಾಖಲಿಸುವ ಅವಕಾಶ ಬಂತು. ಸರ್ವೆ ನಂಬರಿನೊಳಗೆ ನಿಂತೇ ಫೋಟೋ ತೆಗೆಯಬೇಕು. ಅಡಿಕೆ ನಡುವಿನ ಮೆಣಸನ್ನು ಮರೆಯದೆ ದಾಖಲಿಸಿ. ವಿಮೆಗೆ ಕೊಟ್ಟ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರದ ಹೊತ್ತಿಗೆ ಅಲೆದಾಟ.

ಬಾಯಲ್ಲಿ ಹೇಳಿದರೆ ಬರೀತದೆ

ಬರೆಯಲು ಉದಾಸೀನ ಎನ್ನುವವರಿಗೆ ಇದು ವರದಾನ. ಫೋನಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿ, ಮೈಕ್ ಗುರುತು ಒತ್ತಿ ಮಾತಾಡಿದರೆ ಕನ್ನಡ ಅಕ್ಷರ ಮೂಡ್ತದೆ. ನಿಧಾನಕ್ಕೆ, ಪುಸ್ತಕದ ಕನ್ನಡದಲ್ಲಿ ಹೇಳಿದರೆ ತಪ್ಪು ಕಡಿಮೆ. ಮನೆಮಾತಿನಲ್ಲಿ ಹೇಳಿದರೆ ಏನೇನೋ ಬರೀತದೆ, ನಗು ತಡೆಯಲಿಕ್ಕಾಗದು. "ಮೈಲುತುತ್ತು" ಎಂದರೆ ನನ್ನ ಫೋನ್ ಇವತ್ತಿಗೂ ತಬ್ಬಿಬ್ಬಾಗ್ತದೆ. ಅಂಥ ಶಬ್ದ ಕೈಯಲ್ಲೇ ತಿದ್ದಬೇಕು.

ಕಂಪ್ಯೂಟರಿನಲ್ಲಿ ಬರೆಯುವುದಾದರೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕಲಿಯಿರಿ. ಅವರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರು. ಇಂಗ್ಲಿಷ್ ಕೀಲಿಯಲ್ಲೇ ಉಚ್ಚಾರದ ಜಾಡು ಹಿಡಿದು ಹೋಗುವ ಕ್ರಮ ಅದು. ಒತ್ತಕ್ಷರಕ್ಕೆ ನಡುವೆ 'ಎಫ್' ಒತ್ತಿದರಾಯಿತು. 'ಅಮ್ಮ' ಬರೆಯಲು ಎ, ಎಂ, ಎಫ್, ಎಂ. ಹದಿನೈದು ದಿನದಲ್ಲಿ ಕೈ ಕೂತಿತು. ಬರೆಯುವುದು ಯೂನಿಕೋಡ್‌ನಲ್ಲಿರಲಿ. ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಬೇರೆಯವರ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣ್ತದೆ.

ಹಿರಿಯರ ಮಾತಿಗೆ ಮಾತ್ರ ಬರೆಸುವ ಗೋಜು ಬೇಡ. ಧ್ವನಿಯನ್ನೇ ರೆಕಾರ್ಡ್ ಮಾಡಿಡಿ. ನಮ್ಮ ಗುಡ್ಡದ ಸುರಂಗವನ್ನು ತೋಡಿದವರಲ್ಲಿ ಈಗ ಒಬ್ಬರೇ ಉಳಿದಿದ್ದಾರೆ. ಒಳಗೆ ಕವಲು ಎಲ್ಲಿ ಒಡೆದಿದೆ, ಯಾವ ಕಡೆ ಮಣ್ಣು ಸಡಿಲ, ನೀರಿನ ಒಸರು ಎಷ್ಟು ಕೋಲು ಒಳಗೆ - ಅವರು ತುಳುವಿನಲ್ಲಿ ಹೇಳಿದ 40 ನಿಮಿಷದ ಮಾತು ನನ್ನ ಫೋನಿನಲ್ಲಿದೆ. ಇದನ್ನು ಯಾವ ಪುಸ್ತಕ ಕೊಡ್ತದೆ ಹೇಳಿ?

ಲೆಕ್ಕದ ಹಾಳೆ

ಡೈರಿಯಲ್ಲಿ ಲೆಕ್ಕ ಬರೆಯುವ ಅಭ್ಯಾಸ ಹಲವರಿಗಿದೆ. ಆದರೆ "ಕೆಳಗಿನ ತುಂಡಿಗೆ ವರ್ಷದಲ್ಲಿ ಎಷ್ಟು ಆಳು ಹೋಯಿತು?" ಎಂದು ಕೇಳಿದರೆ ಡೈರಿ ಉತ್ತರ ಕೊಡದು. ಗೂಗಲ್ ಶೀಟ್ಸ್ ಕೊಡ್ತದೆ. ಐದೇ ಕಂಬಸಾಲು ಸಾಕು: ತಾರೀಕು, ತುಂಡು, ಕೆಲಸ, ಆಳು, ರೂಪಾಯಿ. ತುಂಡಿನ ಹೆಸರನ್ನು ಪ್ರತಿ ಸಲ ಒಂದೇ ರೀತಿ ಬರೆಯುವುದು ಮುಖ್ಯ. ಫಿಲ್ಟರ್ ಒತ್ತಿ "ಕೆಳಗಿನದು" ಎಂದು ಆರಿಸಿದರೆ ಅದರದ್ದು ಮಾತ್ರ ಉಳೀತದೆ.

ಹಾಗೆ ನೋಡಿದಾಗ ತಿಳಿದದ್ದು: ಹಳದಿ ರೋಗ ಹೊಕ್ಕ ಕೆಳಗಿನ ತುಂಡು ಇಡೀ ತೋಟದ ಕಾಲು ಭಾಗ. ಖರ್ಚಿನಲ್ಲಿ ಮೂರನೇ ಒಂದು ಪಾಲು ನುಂಗಿದೆ. ಫಸಲಿನಲ್ಲಿ ಹತ್ತನೇ ಒಂದು ಪಾಲೂ ಕೊಟ್ಟಿಲ್ಲ. ಅಂದಾಜು ನನಗೆ ಮೊದಲೇ ಇತ್ತು. ಆದರೆ ಅಂದಾಜು ಹಿಡಿದು ಅಪ್ಪ ನೆಟ್ಟ ಮರ ಬಿಡಲು ಮನಸ್ಸು ಬರುವುದಿಲ್ಲ. ಅಂಕೆ ಎದುರು ಕೂತ ಮೇಲೆ ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ಅಲ್ಲಿ ಮರುನಾಟಿಗೆ ಅಡಿಕೆ ಇಲ್ಲ, ಬಾಳೆ ಮತ್ತು ಹಲಸು.

ಲೇಬಲ್: ಮನೆಯಾಕೆಯ ಪಾಠ

2021ರ ಲಾಕ್‌ಡೌನಿನಲ್ಲಿ ಬಾಳೆಕಾಯಿ ಹುಡಿ - 'ಬಾಕಾಹು' - ವಾಟ್ಸಾಪಿನಲ್ಲೇ ಮನೆಯಿಂದ ಮನೆಗೆ ಹಬ್ಬಿದ್ದು ಹಲವರಿಗೆ ನೆನಪಿರಬಹುದು. ನಮ್ಮಲ್ಲೂ ಮಾಡ್ತಾರೆ, ಜೊತೆಗೆ ಹಲಸಿನ ಹಪ್ಪಳ. ಲೇಬಲ್ ವಿನ್ಯಾಸ ಕಲಿತದ್ದು ಮನೆಯಾಕೆಯೇ. ಕ್ಯಾನ್ವಾ ಆ್ಯಪಿನಲ್ಲಿ ಕನ್ನಡ ಅಕ್ಷರಗಳಿವೆ, ಸಾಮಾನ್ಯ ಕೆಲಸಕ್ಕೆ ಹಣ ಕೊಡಬೇಕಾಗಿಲ್ಲ. ಅವಳು ಕಂಡುಕೊಂಡ ಸೂತ್ರ: ಎರಡು ಬಣ್ಣ, ಎರಡು ಬಗೆಯ ಅಕ್ಷರ, ಮೂರನೆಯದು ಬೇಡ. ಹೆಸರು ಕೈಯಳತೆಯ ದೂರದಿಂದ ಕನ್ನಡಕವಿಲ್ಲದೆ ಓದಲು ಸಿಗಬೇಕು.

ಚಂದಕ್ಕಿಂತ ಮೊದಲು ಕಾನೂನು. ಪದಾರ್ಥದ ಹೆಸರು, ಅದರಲ್ಲಿರುವ ವಸ್ತುಗಳು, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಬ್ಯಾಚ್ ನಂಬರ್, ಗರಿಷ್ಠ ಬೆಲೆ, ತಯಾರಕರ ವಿಳಾಸ, ಫೋನ್, ಸಸ್ಯಾಹಾರದ ಹಸಿರು ಗುರುತು, 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರ್ - ಇವು ಇರಬೇಕು. ಇವನ್ನು ಒಂದು ಮೂಲೆಗೆ ಅಚ್ಚುಕಟ್ಟಾಗಿ ಕೂರಿಸಿ, ಉಳಿದ ಜಾಗದಲ್ಲಿ ನಿಮ್ಮ ಕಲೆ ತೋರಿಸಿ.

ದಕ್ಕದ್ದು, ಎಚ್ಚರಿಕೆ

ವಿಡಿಯೋ ಕತ್ತರಿಸಿ ಜೋಡಿಸುವುದನ್ನು ಎರಡು ತಿಂಗಳು ಕಲಿತೆ. ಮೂರು ನಿಮಿಷದ ವಿಡಿಯೋಕ್ಕೆ ಎರಡು ಸಂಜೆ ಬೇಕು. ಉಮೇದು ಇದ್ದವರು ಮಾಡಲಿ. ನನ್ನ ತೋಟಕ್ಕೆ ಅದರಿಂದ ಆದದ್ದೇನೂ ಇಲ್ಲ.

ಫೋನ್ ಕೆರೆಗೆ ಬಿದ್ದರೆ ತೋಟದ ನೆನಪೂ ಬೀಳ್ತದೆ. ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತ. ನಕ್ಷೆ, ಲೆಕ್ಕ, ಧ್ವನಿ ಅಲ್ಲಿರಲಿ. ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗೆ ಗೊತ್ತಿರಲಿ. ನಕ್ಷೆಯ ಕಾಗದದ ಪ್ರತಿಯೊಂದು ಲ್ಯಾಮಿನೇಟ್ ಆಗಿ ಪಂಪ್ ಶೆಡ್ಡಿನಲ್ಲಿ ತೂಗಲಿ.

ಪಿಎಂ ಕಿಸಾನ್ ಹೆಸರಿನಲ್ಲೋ ಬ್ಯಾಂಕಿನ ಹೆಸರಿನಲ್ಲೋ ವಾಟ್ಸಾಪಿಗೆ 'ಎಪಿಕೆ' ಎಂದು ಕೊನೆಯಾಗುವ ಫೈಲ್ ಬಂದರೆ ಮುಟ್ಟಬೇಡಿ, ಅಳಿಸಿಬಿಡಿ. ಒಟಿಪಿ ಯಾರು ಕೇಳಿದರೂ ಕೊಡಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೊರಟರೆ ಬೇಸರ ಬಂದೀತು. ಈ ಬೇಸಿಗೆಗೆ ಒಂದೇ ಕೆಲಸ ಮಾಡಿ. ಪೈಪು ರಿಪೇರಿಗೆಂದು ಅಗೆದಾಗ ಮಣ್ಣು ಮುಚ್ಚುವ ಮೊದಲು ಟೇಪ್ ಇಟ್ಟು ಒಂದು ಫೋಟೋ ತೆಗೆಯಿರಿ. ಎರಡು ಗುರುತಿನಿಂದ ದೂರ ಅಳೆದು ಅದರ ಕೆಳಗೆ ಬರೆಯಿರಿ. ಅದನ್ನು ಮಗನಿಗೋ ಮಗಳಿಗೋ ಕಳುಹಿಸಿ. ಅವರು ಊರಿಗೆ ಮರಳುತ್ತಾರೋ ಇಲ್ಲವೋ, ಅದು ಬೇರೆ ಮಾತು. ಮರಳಿದರೆ ತೋಟ ಅವರಿಗೆ ಅಪರಿಚಿತ ಆಗಬಾರದು.